103 ಗೆದ್ದು ಮನೆಗೆ ಹೋದವರು

1993ರ ಅಕ್ಟೋಬರ್ 3, ಭಾನುವಾರ. ಅಮೆರಿಕದ ಬೇಸ್‌ಬಾಲ್ ಸೀಸನ್ನಿನ ಕೊನೆಯ ದಿನ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ತಂಡಗಳು ತಲಾ 161 ಪಂದ್ಯ ಆಡಿ, ತಲಾ 103 ಗೆದ್ದು ಸಮನಾಗಿ ನಿಂತಿದ್ದವು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಮುಂದಿನ ಸುತ್ತಿಗೆ ದಾರಿಯಿತ್ತು. ಅಂದು ಅಟ್ಲಾಂಟಾ ಗೆದ್ದಿತು. ಲಾಸ್ ಏಂಜಲೀಸ್‌ನಲ್ಲಿ ಆಡುತ್ತಿದ್ದ ಜೈಂಟ್ಸ್ 12–1ರಿಂದ ಸೋತಿತು. ಆರು ತಿಂಗಳು ಹೆಚ್ಚುಕಡಿಮೆ ದಿನವೂ ಆಡಿ 103 ಪಂದ್ಯ ಗೆದ್ದವರು ಬ್ಯಾಗು ಕಟ್ಟಿಕೊಂಡು ಮನೆಗೆ ಹೋದರು. ಅದೇ ವರ್ಷ ಬೇರೊಂದು ಗುಂಪಿನಲ್ಲಿದ್ದ ಷಿಕಾಗೊ ವೈಟ್ ಸಾಕ್ಸ್ 94 ಗೆದ್ದು ಮುಂದಿನ ಸುತ್ತಿಗೆ ಹೋಯಿತು.

ಆಗ ನಾನು ಹುಟ್ಟಿರಲಿಲ್ಲ. ಬೇಸ್‌ಬಾಲ್ ಪಂದ್ಯವನ್ನು ಮೈದಾನದಲ್ಲಿ ಕೂತು ನೋಡಿದವಳೂ ಅಲ್ಲ. ಇಪ್ಪತ್ತನೆಯ ಶತಮಾನದ ಜನ ತಮ್ಮ ಬಿಡುವಿನ ವೇಳೆಯನ್ನು ಹೇಗೆ ಕಳೆದರು ಎಂಬುದು ನನ್ನ ಪಿಎಚ್‌ಡಿ ವಿಷಯ. ಕಾರ್ಖಾನೆಯ ರಜೆ, ಸಿನಿಮಾದ ಮ್ಯಾಟಿನಿ, ಆಟಗಳ ವೇಳಾಪಟ್ಟಿ, ಹೀಗೆ ಯಾರೂ ಚರಿತ್ರೆ ಎಂದುಕೊಳ್ಳದ ಸಂಗತಿಗಳನ್ನು ಓದುವುದು ನನ್ನ ಕೆಲಸ. ಆ ದಾರಿಯಲ್ಲಿ ಬೇಸ್‌ಬಾಲ್ ಸಿಕ್ಕಿತು. ಓದುತ್ತಾ ಹೋದಂತೆ ಒಂದು ವಿಷಯ ಎದ್ದು ಕಂಡಿತು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಅಮೆರಿಕನ್ನರು ಒಂದೇ ಜಗಳವನ್ನು ಹೊಸದಾಗಿ ಆಡುತ್ತಾರೆ. ಸೀಸನ್ ಎಷ್ಟು ಉದ್ದ ಇರಬೇಕು, ಎಷ್ಟು ತಂಡಗಳು ಮುಂದೆ ಹೋಗಬೇಕು, ಕೊನೆಯ ಸರಣಿಯಲ್ಲಿ ಎಷ್ಟು ಪಂದ್ಯ ಇರಬೇಕು?

1993ರ ಕತೆಯನ್ನು ಹಾಸ್ಟೆಲಿನ ಗೆಳತಿಗೆ ಹೇಳಿದೆ. ಅವಳು ಆರ್‌ಸಿಬಿ ಅಭಿಮಾನಿ. "ಅಷ್ಟು ಗೆದ್ದ ಮೇಲೂ ಮನೆಗೆ ಕಳಿಸಿದ್ರಾ? ಇದ್ಯಾವ ನ್ಯಾಯ ಕಣೇ?" ಅಂದಳು. ಈ ಬರಹ ಅವಳ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲು ಆಟದ ಸ್ವಭಾವ ಹೇಳಬೇಕು. ಬೇಸ್‌ಬಾಲ್‌ನಲ್ಲಿ ಒಳ್ಳೆಯ ತಂಡಕ್ಕೂ ಕೆಟ್ಟ ತಂಡಕ್ಕೂ ಒಂದು ದಿನದ ಮಟ್ಟಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. 162ರಲ್ಲಿ 100 ಗೆದ್ದರೆ ಅದು ಅದ್ಭುತ ವರ್ಷ. ಅಂದರೆ ಅದ್ಭುತ ತಂಡವೂ 62 ದಿನ ಸೋತಿರುತ್ತದೆ. ಹಾಗಾಗಿ ಯಾರು ಮೇಲು ಎಂದು ತಿಳಿಯಲು ಬಹಳ ದಿನ ಆಡಿಸಬೇಕು. ಈ ಆಟದಲ್ಲಿ ಸತ್ಯ ನಿಧಾನವಾಗಿ ಹೊರಗೆ ಬರುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಎದುರಾಳಿಗಿಂತ ಸ್ವಲ್ಪ ಮೇಲಿರುವ ತಂಡವೊಂದು ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ 100ಕ್ಕೆ 55 ಎಂದಿಟ್ಟುಕೊಳ್ಳಿ. ಐದು ಪಂದ್ಯಗಳ ಸರಣಿಯಲ್ಲಿ ಅದು ಗೆಲ್ಲುವ ಸಾಧ್ಯತೆ 100ಕ್ಕೆ 59. ಏಳು ಪಂದ್ಯ ಆಡಿಸಿದರೆ 61. ಐದರದ್ದೊಂದು, ಏಳರದ್ದೆರಡು, ಹೀಗೆ ಮೂರು ಸರಣಿಗಳನ್ನು ಸಾಲಾಗಿ ಗೆದ್ದು ಕಪ್ ಎತ್ತುವ ಸಾಧ್ಯತೆ ಬರೀ 22. ಮೂರೂ ಸಲ ಎದುರಾಳಿಗಿಂತ ಮೇಲಿದ್ದ ತಂಡವೂ ಐದು ವರ್ಷದಲ್ಲಿ ನಾಲ್ಕು ವರ್ಷ ಸೋಲುತ್ತದೆ. ಪ್ಲೇಆಫ್ ಎಂಬುದು ಅತ್ಯುತ್ತಮ ತಂಡವನ್ನು ಕಂಡುಹಿಡಿಯುವ ಸಾಧನವೇ ಅಲ್ಲ ಎಂದು ಈ ಲೆಕ್ಕ ಹೇಳುತ್ತದೆ. ಹಾಗಾದರೆ ಅದು ಯಾತಕ್ಕಿದೆ?

ಹಳೆಯ ಪದ್ಧತಿಯೇ ಶುದ್ಧವಾಗಿತ್ತು, ಟಿವಿ ಮತ್ತು ದುಡ್ಡು ಬಂದು ಕೆಡಿಸಿದವು ಎನ್ನುವವರು ಅಲ್ಲಿ ಬಹಳ. ನಾನೂ ಮೊದಲು ಹಾಗೇ ನಂಬಿದ್ದೆ. ಆದರೆ ಶುರುವಿನಲ್ಲೇ ಇದ್ದದ್ದು ದುಡ್ಡಿನ ಲೆಕ್ಕ. 1903ರ ಮೊದಲ ವರ್ಲ್ಡ್ ಸೀರೀಸ್ ಯಾವ ನಿಯಮದ ಪ್ರಕಾರವೂ ನಡೆದದ್ದಲ್ಲ. ಪಿಟ್ಸ್‌ಬರ್ಗ್ ಮತ್ತು ಬಾಸ್ಟನ್ ತಂಡಗಳ ಮಾಲೀಕರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಒಂಬತ್ತು ಪಂದ್ಯಗಳ ಸರಣಿ ಏರ್ಪಡಿಸಿದರು. ಬಾಸ್ಟನ್ 5–3ರಿಂದ ಗೆದ್ದಿತು. ಆದರೆ ಪಿಟ್ಸ್‌ಬರ್ಗ್ ಮಾಲೀಕ ಬಾರ್ನಿ ಡ್ರೈಫಸ್ ತನ್ನ ಪಾಲನ್ನೂ ಆಟಗಾರರಿಗೇ ಕೊಟ್ಟದ್ದರಿಂದ ಸೋತವರಿಗೆ ಗೆದ್ದವರಿಗಿಂತ ಹೆಚ್ಚು ಹಣ ಸಿಕ್ಕಿತು.

ಮರುವರ್ಷ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಆಗಿನ್ನೂ ನ್ಯೂಯಾರ್ಕ್‌ನಲ್ಲಿದ್ದ ಜೈಂಟ್ಸ್ ತಂಡದ ಮಾಲೀಕ ಜಾನ್ ಬ್ರಷ್ ಮತ್ತು ಮ್ಯಾನೇಜರ್ ಜಾನ್ ಮೆಕ್‌ಗ್ರಾ, ಹೊಸದಾಗಿ ಹುಟ್ಟಿದ ಅಮೆರಿಕನ್ ಲೀಗ್ ತಮಗೆ ಸಮನಲ್ಲ ಎಂದು ಆಡಲು ಒಪ್ಪಲಿಲ್ಲ. ಜನ ಬೈದರು. 1905ರ ಹೊತ್ತಿಗೆ ಅದೇ ಬ್ರಷ್ ಕೂತು ನಿಯಮ ಬರೆದ. ಏಳು ಪಂದ್ಯ, ಅದರಲ್ಲಿ ಮೊದಲ ನಾಲ್ಕರ ಟಿಕೆಟ್ ಹಣದಲ್ಲಿ ಮಾತ್ರ ಆಟಗಾರರಿಗೆ ಪಾಲು. ಆ ನಾಲ್ಕರ ಮಿತಿ ಯಾಕೆ? ಸರಣಿ ಉದ್ದವಾದಷ್ಟೂ ಹಣ ಸಿಗುವಂತಿದ್ದರೆ, ಆಟಗಾರರು ಬೇಕೆಂದೇ ಒಂದೆರಡು ಪಂದ್ಯ ಸೋತು ಎಳೆಯುತ್ತಿದ್ದಾರೆ ಎಂದು ಪ್ರೇಕ್ಷಕರಿಗೆ ಅನುಮಾನ ಬರುತ್ತದೆ. ಪಂದ್ಯಗಳ ಸಂಖ್ಯೆಯ ಹಿಂದೆ ಹೀಗೆ ನಂಬಿಕೆಯ ಪ್ರಶ್ನೆಯೂ ಇತ್ತು.

ಸೀಸನ್ನಿನ ಉದ್ದದ ಕತೆ ಇನ್ನೂ ಸ್ವಾರಸ್ಯದ್ದು. ಲೀಗ್ ಒಂದರಲ್ಲಿ ಎಂಟು ತಂಡ. ಪ್ರತಿ ತಂಡಕ್ಕೆ ಏಳು ಎದುರಾಳಿಗಳು, ಒಬ್ಬೊಬ್ಬರ ಜೊತೆ 22 ಪಂದ್ಯ. ಏಳಿಪ್ಪತ್ತೆರಡು 154. 1961ರಲ್ಲಿ ಅಮೆರಿಕನ್ ಲೀಗ್ ಎರಡು ತಂಡ ಸೇರಿಸಿಕೊಂಡು ಹತ್ತಾಯಿತು. ಎದುರಾಳಿಗಳು ಒಂಬತ್ತು, ಒಬ್ಬೊಬ್ಬರ ಜೊತೆ 18. ಒಟ್ಟು 162. ಬರೀ ಭಾಗಾಕಾರದ ಅನುಕೂಲಕ್ಕೆ ಹುಟ್ಟಿದ ಸಂಖ್ಯೆ ಇದು. ಇವತ್ತು ಒಟ್ಟು 30 ತಂಡಗಳಿವೆ, ಆ ಲೆಕ್ಕಕ್ಕೆ ಅರ್ಥವೇ ಉಳಿದಿಲ್ಲ. ಆದರೂ 162 ಮಾತ್ರ ಅಲುಗಾಡಿಲ್ಲ. ಒಂದು ಸಂಖ್ಯೆ ಎರಡು ತಲೆಮಾರು ದಾಟಿದರೆ ಸಾಕು, ಅದಕ್ಕೆ ಪರಂಪರೆಯ ಕಳೆ ಬಂದುಬಿಡುತ್ತದೆ.

ಆ ಎಂಟು ಹೆಚ್ಚುವರಿ ಪಂದ್ಯಗಳ ಭಾರ ಮೊದಲು ಬಿದ್ದದ್ದು ನ್ಯೂಯಾರ್ಕ್ ಯಾಂಕೀಸ್‌ನ ರೋಜರ್ ಮ್ಯಾರಿಸ್ ಎಂಬ ಆಟಗಾರನ ಮೇಲೆ. ಬೇಬ್ ರೂತ್ 1927ರಲ್ಲಿ 60 ಹೋಮ್ ರನ್ ಹೊಡೆದಿದ್ದ. ಆ ದಾಖಲೆ ದೇಶಕ್ಕೆ ದೇವರ ವಿಗ್ರಹದಂತಿತ್ತು. 1961ರ ಜುಲೈನಲ್ಲಿ ಬೇಸ್‌ಬಾಲ್ ಕಮಿಷನರ್ ಫೋರ್ಡ್ ಫ್ರಿಕ್, 154 ಪಂದ್ಯಗಳ ಒಳಗೆ ರೂತ್‌ನನ್ನು ದಾಟದಿದ್ದರೆ ದಾಖಲೆಯನ್ನು ಬೇರೆಯಾಗಿ ಗುರುತಿಸಬೇಕು ಎಂದು ತೀರ್ಪು ಕೊಟ್ಟ. ಫ್ರಿಕ್ ಹಿಂದೆ ಪತ್ರಕರ್ತನಾಗಿದ್ದಾಗ ರೂತ್ ಹೆಸರಿನಲ್ಲಿ ಬರೆದುಕೊಡುತ್ತಿದ್ದವನು. 154 ಪಂದ್ಯ ಮುಗಿದಾಗ ಮ್ಯಾರಿಸ್ ಹೊಡೆದದ್ದು 59. ಅರವತ್ತೊಂದನೆಯದು ಬಂದದ್ದು ಅಕ್ಟೋಬರ್ 1ರಂದು, ಸೀಸನ್ನಿನ ಕೊನೆಯ ದಿನ. ಅವತ್ತು ಯಾಂಕೀಸ್ ಮೈದಾನ ಅರ್ಧವೂ ತುಂಬಿರಲಿಲ್ಲ. ದಾಖಲೆ ಪೂರ್ತಿಯಾಗಿ ಮ್ಯಾರಿಸ್ ಹೆಸರಿಗೆ ಬಂದದ್ದು 1991ರಲ್ಲಿ. ಆತ ತೀರಿಹೋಗಿ ಆರು ವರ್ಷವಾಗಿತ್ತು. ವೇಳಾಪಟ್ಟಿ ಬದಲಾಯಿಸಿದ್ದು ಮಾಲೀಕರು, ಅನುಮಾನ ಹೊತ್ತದ್ದು ಆಟಗಾರ.

1969ರಲ್ಲಿ ತಂಡಗಳು 24 ಆದವು. ಪ್ರತಿ ಲೀಗನ್ನು ಪೂರ್ವ, ಪಶ್ಚಿಮ ಎಂದು ಎರಡು ಡಿವಿಷನ್ ಮಾಡಿ, ಅವುಗಳಲ್ಲಿ ಮೊದಲು ಬಂದವರ ನಡುವೆ ಐದು ಪಂದ್ಯಗಳ ಸರಣಿ ಇಟ್ಟರು. 1985ರಲ್ಲಿ ಅದನ್ನು ಏಳಕ್ಕೆ ಏರಿಸಿದರು. ಆ ಮೊದಲ ವರ್ಷವೇ 99 ಗೆದ್ದಿದ್ದ ಟೊರೊಂಟೊ ತಂಡ, 91 ಗೆದ್ದಿದ್ದ ಕಾನ್ಸಾಸ್ ಸಿಟಿ ವಿರುದ್ಧ 3–1ರ ಮುನ್ನಡೆ ಪಡೆಯಿತು. ಹಿಂದಿನ ವರ್ಷವಾಗಿದ್ದರೆ ಮೂರನೆಯ ಗೆಲುವಿಗೇ ಸರಣಿ ಮುಗಿದು ಟೊರೊಂಟೊ ವರ್ಲ್ಡ್ ಸೀರೀಸ್‌ಗೆ ಹೋಗುತ್ತಿತ್ತು. ಕಾನ್ಸಾಸ್ ಸಿಟಿ ಉಳಿದ ಮೂರನ್ನೂ ಗೆದ್ದು, ಮುಂದೆ ವರ್ಲ್ಡ್ ಸೀರೀಸನ್ನೂ ಗೆದ್ದಿತು. ಅದಕ್ಕಿಂತ ನಾಲ್ಕು ವರ್ಷ ಹಿಂದೆ, 1981ರಲ್ಲಿ, ಆಟಗಾರರ ಮುಷ್ಕರದಿಂದ ಸೀಸನ್ ನಡುವೆ ನಿಂತುಹೋಗಿತ್ತು. ಮುಷ್ಕರಕ್ಕೆ ಮೊದಲು ಒಂದು, ಆಮೇಲೆ ಒಂದು ಎಂದು ಎರಡು ಭಾಗ ಮಾಡಿ, ಎರಡಕ್ಕೂ ಬೇರೆಬೇರೆ ವಿಜೇತರನ್ನು ಘೋಷಿಸಿದರು. ಸಿನ್ಸಿನಾಟಿ ರೆಡ್ಸ್ 66 ಗೆದ್ದು 42 ಸೋತು ಇಡೀ ಬೇಸ್‌ಬಾಲ್‌ನಲ್ಲೇ ಮೇಲಿತ್ತು. ಆದರೆ ಎರಡು ಭಾಗಗಳಲ್ಲೂ ಕೂದಲೆಳೆಯಲ್ಲಿ ಎರಡನೆಯದಾಗಿ ಬಂದು ಹೊರಗುಳಿಯಿತು. ತಮ್ಮದೇ ಅತ್ಯುತ್ತಮ ದಾಖಲೆ ಎಂದು ಸಾರುವ ಬಾವುಟವನ್ನು ತಾವೇ ಮಾಡಿಸಿ ಹಾರಿಸಿಕೊಂಡರು.

ಇಂಥ ಕತೆಗಳನ್ನು ಓದಿದರೆ ಹಳೆಯ ಪದ್ಧತಿಯೇ ವಾಸಿ ಅನ್ನಿಸಬಹುದು. ಲೀಗಿನಲ್ಲಿ ಮೊದಲು ಬಂದವನು ನೇರ ವರ್ಲ್ಡ್ ಸೀರೀಸ್‌ಗೆ, ಮಿಕ್ಕವರು ಮನೆಗೆ. ಆದರೆ ಆ ಕಾಲವನ್ನು ಹತ್ತಿರದಿಂದ ನೋಡಬೇಕು. 1949ರಿಂದ 1964ರವರೆಗಿನ 16 ವರ್ಷಗಳಲ್ಲಿ ಅಮೆರಿಕನ್ ಲೀಗನ್ನು ಯಾಂಕೀಸ್ ತಂಡವೊಂದೇ 14 ಸಲ ಗೆದ್ದಿತು. ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಆ ಊರಿನಲ್ಲಿದ್ದ ಅರ್ಧ ಶತಮಾನದಲ್ಲಿ ಒಮ್ಮೆ ಮಾತ್ರ, 1944ರಲ್ಲಿ, ವರ್ಲ್ಡ್ ಸೀರೀಸ್ ಕಂಡಿತು. ಅಂಥ ಊರಿನ ಹುಡುಗನಿಗೆ ಬೇಸಿಗೆ ಮುಗಿಯುವ ಮೊದಲೇ ಸೀಸನ್ ಮುಗಿದಿರುತ್ತಿತ್ತು. ಇನ್ನೂ ದೊಡ್ಡ ಮಾತೆಂದರೆ, 1947ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್ ಮೈದಾನಕ್ಕೆ ಇಳಿಯುವವರೆಗೆ ಆ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಜಾಗವೇ ಇರಲಿಲ್ಲ. ಅವರು ತಮ್ಮದೇ ನೀಗ್ರೊ ಲೀಗ್‌ಗಳನ್ನು ಕಟ್ಟಿಕೊಂಡು, 1924ರಿಂದ ತಮ್ಮದೇ ವರ್ಲ್ಡ್ ಸೀರೀಸ್ ಆಡಿದರು. ರೂತ್ 60 ಹೊಡೆದ ವರ್ಷದ ವಿಶ್ವ ಚಾಂಪಿಯನ್ನರು ಬಿಳಿಯರ ನಡುವಿನ ಚಾಂಪಿಯನ್ನರು. ಅರ್ಧ ಬಾಗಿಲು ಮುಚ್ಚಿಕೊಂಡು ನಡೆಸಿದ ಸ್ಪರ್ಧೆಯನ್ನು ಶುದ್ಧ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮತ್ತೆ 1993ಕ್ಕೆ ಬರೋಣ. ಆ ಭಾನುವಾರಕ್ಕೆ ಮೂರ್ನಾಲ್ಕು ವಾರ ಮೊದಲೇ ಮಾಲೀಕರು ಹೊಸ ಪದ್ಧತಿಗೆ ಮತ ಹಾಕಿದ್ದರು. ಪ್ರತಿ ಲೀಗಿನಲ್ಲಿ ಮೂರು ಡಿವಿಷನ್, ಎರಡನೆಯ ಸ್ಥಾನದಲ್ಲಿ ಉಳಿದವರಲ್ಲಿ ಅತ್ಯುತ್ತಮ ತಂಡಕ್ಕೆ ವೈಲ್ಡ್ ಕಾರ್ಡ್ ಎಂಬ ನಾಲ್ಕನೆಯ ಜಾಗ. ಪರವಾಗಿ 27 ಮತ, ವಿರುದ್ಧ ಒಂದು. ಆ ಒಂದು ಮತ ಟೆಕ್ಸಸ್ ರೇಂಜರ್ಸ್‌ನ ಜಾರ್ಜ್ ಡಬ್ಲ್ಯು. ಬುಷ್ ಅವರದ್ದು. ಮುಂದೆ ಅಮೆರಿಕದ ಅಧ್ಯಕ್ಷರಾದವರೇ. 1994ರಲ್ಲಿ ಮತ್ತೆ ಮುಷ್ಕರವಾಗಿ ವರ್ಲ್ಡ್ ಸೀರೀಸೇ ರದ್ದಾಯಿತು. ವೈಲ್ಡ್ ಕಾರ್ಡ್ ಜಾರಿಗೆ ಬಂದದ್ದು 1995ರಲ್ಲಿ.

"ಸರಿ ಆಯ್ತಲ್ಲ, ಇನ್ಮೇಲೆ 103 ಗೆದ್ದೋರು ಮನೆಗೆ ಹೋಗಲ್ಲ" ಅಂದಳು ಗೆಳತಿ. ಆಮೇಲೆ ಸ್ವಲ್ಪ ಯೋಚಿಸಿ ತಾನೇ ಹೇಳಿದಳು: "ಆದ್ರೆ ಇಬ್ರಿಗೂ ಮೊದ್ಲೇ ಸೀಟ್ ಸಿಕ್ಕಿದ್ರೆ, ಆ ಭಾನುವಾರ ಯಾರು ನೋಡ್ತಿದ್ರು?"

ನಾನು ತಿಂಗಳುಗಟ್ಟಲೆ ಓದಿ ತಲುಪಿದ ಜಾಗಕ್ಕೆ ಅವಳು ಎರಡು ನಿಮಿಷದಲ್ಲಿ ಬಂದಿದ್ದಳು. ವೈಲ್ಡ್ ಕಾರ್ಡ್ ಜೈಂಟ್ಸ್‌ಗೆ ನ್ಯಾಯ ಕೊಡುತ್ತದೆ, ಆದರೆ ಆ ಭಾನುವಾರವನ್ನು ಕಿತ್ತುಕೊಳ್ಳುತ್ತದೆ. ಇದು ಬರೀ ಊಹೆಯಲ್ಲ. 1996ರ ಸೀಸನ್ನಿನ ಕೊನೆಯ ದಿನ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ಮತ್ತು ಲಾಸ್ ಏಂಜಲೀಸ್ ಡಾಜರ್ಸ್ ಡಿವಿಷನ್ನಿನ ಮೊದಲ ಸ್ಥಾನಕ್ಕಾಗಿ ಎದುರಾದವು. 1993ರದ್ದೇ ದೃಶ್ಯ. ಆದರೆ ಇಬ್ಬರಿಗೂ ಮುಂದಿನ ಸುತ್ತು ಆಗಲೇ ಖಚಿತವಾಗಿತ್ತು. ಸೋತ ಡಾಜರ್ಸ್ ವೈಲ್ಡ್ ಕಾರ್ಡ್ ಹಿಡಿದು ಮುಂದೆ ಹೋಯಿತು. ಎರಡೂ ತಂಡಗಳು ಮೊದಲ ಸುತ್ತಿನಲ್ಲೇ 3–0ರಿಂದ ಸೋತು ಹೊರಬಿದ್ದವು.

ಅಲ್ಲಿಂದ ಮುಂದಿನದೆಲ್ಲ ತೇಪೆ ಹಾಕುವ ಚರಿತ್ರೆ. ವೈಲ್ಡ್ ಕಾರ್ಡ್ ಬಂದು ಡಿವಿಷನ್ ಗೆಲ್ಲುವುದಕ್ಕೆ ಬೆಲೆ ಇಲ್ಲದಂತಾಯಿತು ಎಂದು 2012ರಲ್ಲಿ ಎರಡನೆಯ ವೈಲ್ಡ್ ಕಾರ್ಡ್ ತಂದು, ಆ ಇಬ್ಬರ ನಡುವೆ ಒಂದೇ ಒಂದು ಪಂದ್ಯ ಇಟ್ಟರು. ಡಿವಿಷನ್ ಗೆದ್ದವರು ಆ ಅಪಾಯದಿಂದ ಪಾರು. 2015ರಲ್ಲಿ ಅದರ ಹುಳುಕು ಬಯಲಾಯಿತು. ಆ ವರ್ಷ ಇಡೀ ಬೇಸ್‌ಬಾಲ್‌ನ ಮೂರು ಅತ್ಯುತ್ತಮ ತಂಡಗಳು ಒಂದೇ ಡಿವಿಷನ್‌ನಲ್ಲಿದ್ದವು. ಸೇಂಟ್ ಲೂಯಿಸ್ 100, ಪಿಟ್ಸ್‌ಬರ್ಗ್ 98, ಷಿಕಾಗೊ ಕಬ್ಸ್ 97. ಎರಡನೆಯವರೂ ಮೂರನೆಯವರೂ ಒಂದೇ ರಾತ್ರಿಯ ಪಂದ್ಯಕ್ಕೆ ಕೂರಬೇಕಾಯಿತು. ಪಿಟ್ಸ್‌ಬರ್ಗ್ ಸೋತಿತು. 90 ಗೆದ್ದ ನ್ಯೂಯಾರ್ಕ್ ಮೆಟ್ಸ್ ಬೇರೆ ಡಿವಿಷನ್ನಿನಲ್ಲಿದ್ದ ಕಾರಣಕ್ಕೆ ನೇರ ಮುಂದೆ ಹೋಗಿತ್ತು.

ಈಗಿನ ಪದ್ಧತಿ 2022ರದ್ದು. ಮಾಲೀಕರಿಗೂ ಆಟಗಾರರ ಸಂಘಕ್ಕೂ ಒಪ್ಪಂದವಾಗದೆ 99 ದಿನ ಬೇಸ್‌ಬಾಲ್ ಬಾಗಿಲು ಹಾಕಿತ್ತು. ಮಾಲೀಕರು 14 ತಂಡಗಳ ಪ್ಲೇಆಫ್ ಕೇಳಿದರು, ಹನ್ನೆರಡಕ್ಕೆ ಇತ್ಯರ್ಥವಾಯಿತು. ಪ್ರತಿ ಲೀಗಿನ ಮೊದಲ ಎರಡು ಡಿವಿಷನ್ ವಿಜೇತರಿಗೆ ಮೊದಲ ಸುತ್ತಿನಿಂದ ವಿನಾಯಿತಿ, ಉಳಿದವರಿಗೆ ಮೂರು ಪಂದ್ಯಗಳ ಸರಣಿ. ಶುರುವಾದ ವರ್ಷವೇ 111 ಗೆದ್ದಿದ್ದ ಡಾಜರ್ಸ್, ತನಗಿಂತ 22 ಗೆಲುವು ಹಿಂದಿದ್ದ ಪ್ಯಾಡ್ರೆಸ್ ಕೈಯಲ್ಲಿ ಸೋತಿತು. 2023ರಲ್ಲಿ 104, 101, 100 ಗೆದ್ದಿದ್ದ ಮೂರು ತಂಡಗಳೂ ತಮ್ಮ ಮೊದಲ ಸರಣಿಯಲ್ಲೇ ಸೋತವು, 84 ಗೆದ್ದ ಅರಿಜೋನಾ ವರ್ಲ್ಡ್ ಸೀರೀಸ್ ತಲುಪಿತು. ದಿನವೂ ಆಡಿ ರೂಢಿಯಾದವರನ್ನು ಐದು ದಿನ ಸುಮ್ಮನೆ ಕೂರಿಸಿದ್ದೇ ತಪ್ಪು, ಬಹುಮಾನವೇ ಶಿಕ್ಷೆಯಾಯಿತು ಎಂದು ವಾದ ಎದ್ದಿತು. 2024ರಲ್ಲಿ ವಿನಾಯಿತಿ ಪಡೆದ ಡಾಜರ್ಸ್ ಮತ್ತು ಯಾಂಕೀಸ್ ತಂಡಗಳೇ ವರ್ಲ್ಡ್ ಸೀರೀಸ್‌ನಲ್ಲಿ ಎದುರಾದಾಗ ಆ ವಾದ ತಣ್ಣಗಾಯಿತು. ಎರಡೂ ಸಲ ಜನ ಪದ್ಧತಿಯಲ್ಲಿ ಕಾರಣ ಹುಡುಕಿದರು. ಮೇಲೆ ಹೇಳಿದ 59, 61ರ ಲೆಕ್ಕವನ್ನು ನೆನಪಿಸಿಕೊಂಡವರು ಕಡಿಮೆ.

ನಮ್ಮಲ್ಲಿ ಐಪಿಎಲ್ ಇದೇ ತೊಡಕಿಗೆ 2011ರಲ್ಲಿ ಬೇರೆ ಉತ್ತರ ಕೊಟ್ಟುಕೊಂಡಿತು. ಪಟ್ಟಿಯಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಒಮ್ಮೆ ಸೋತರೂ ಇನ್ನೊಂದು ಅವಕಾಶ. ಆದರೆ ಫೈನಲ್‌ಗೆ ಬಂದ ಮೇಲೆ ಆ ರಕ್ಷಣೆ ಇಲ್ಲ. 2016ರಲ್ಲಿ ಎರಡನೆಯ ಸ್ಥಾನದಲ್ಲಿದ್ದ ಆರ್‌ಸಿಬಿ, ಮೂರನೆಯ ಸ್ಥಾನದಿಂದ ಬಂದ ಹೈದರಾಬಾದ್ ಎದುರು 8 ರನ್‌ಗಳಿಂದ ಫೈನಲ್ ಸೋತದ್ದನ್ನು ಗೆಳತಿಗೆ ನಾನು ನೆನಪಿಸಬೇಕಾಗಿಲ್ಲ.

ವೇಳಾಪಟ್ಟಿಯ ಬಗ್ಗೆ ಒಂದು ಮಾತು. ವರ್ಲ್ಡ್ ಸೀರೀಸ್ ಮೊದಲು ಹಗಲಿನ ಆಟವಾಗಿತ್ತು. ಶಾಲೆಯ ಮಕ್ಕಳು ಟ್ರಾನ್ಸಿಸ್ಟರ್ ಬಚ್ಚಿಟ್ಟುಕೊಂಡು ಕೇಳುತ್ತಿದ್ದ ಕಾಲ. 1971ರ ಅಕ್ಟೋಬರ್ 13ರಂದು ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಸಲ ರಾತ್ರಿ ಪಂದ್ಯ ನಡೆಯಿತು. ಹೆಚ್ಚು ಜನ ಟಿವಿ ನೋಡುವ ಹೊತ್ತು ಅದು. ಕ್ರಮೇಣ ಎಲ್ಲವೂ ರಾತ್ರಿಗೆ ಹೋದವು. 1987ರ ನಂತರ ವರ್ಲ್ಡ್ ಸೀರೀಸ್‌ನಲ್ಲಿ ಹಗಲು ಪಂದ್ಯ ನಡೆದೇ ಇಲ್ಲ. ಕೆಲಸ ಮುಗಿಸಿ ಬಂದ ಅಪ್ಪ ಅಮ್ಮ ನೋಡುವಂತಾಯಿತು, ಮಕ್ಕಳು ಮುಗಿಯುವ ಮೊದಲೇ ನಿದ್ದೆ ಹೋದರು. ಸುತ್ತುಗಳು ಹೆಚ್ಚಿದಂತೆ ದಿನಗಳೂ ಮುಂದಕ್ಕೆ ಹೋದವು. 2001ರ ಸೆಪ್ಟೆಂಬರ್ 11ರ ದಾಳಿಯಿಂದಾಗಿ ಒಂದು ವಾರ ಆಟ ನಿಂತು, ವರ್ಲ್ಡ್ ಸೀರೀಸ್ ಮೊದಲ ಬಾರಿಗೆ ನವೆಂಬರ್ ಮುಟ್ಟಿತು. ಆಗ ಅದು ಅಪರೂಪ. 2025ರಲ್ಲಿ ಏಳನೆಯ ಪಂದ್ಯ ನವೆಂಬರ್ 1ಕ್ಕೆ ಬಿದ್ದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ನನ್ನ ಸಂಶೋಧನೆಗೆ ಮುಖ್ಯ ಅನ್ನಿಸುವುದು ಇದು. ಪದ್ಧತಿ ಬದಲಾದಾಗಲೆಲ್ಲ ಯಾರು ನಿಜವಾದ ಚಾಂಪಿಯನ್ ಎಂದು ಜಗಳವಾಗುತ್ತದೆ. ಆದರೆ ನಿಜವಾಗಿ ಬದಲಾಗುವುದು ಯಾವ ದಿನಕ್ಕೆ ಬೆಲೆ, ಯಾವ ದಿನಕ್ಕಿಲ್ಲ ಎಂಬುದು. 1960ರವರೆಗೆ 16 ತಂಡಗಳಲ್ಲಿ ಎರಡು ಮುಂದೆ ಹೋಗುತ್ತಿದ್ದವು. 1969ರಲ್ಲಿ 24ರಲ್ಲಿ ನಾಲ್ಕು, 1995ರಲ್ಲಿ 28ರಲ್ಲಿ ಎಂಟು, ಈಗ 30ರಲ್ಲಿ ಹನ್ನೆರಡು. ಬಾಗಿಲು ಕಿರಿದಾಗಿದ್ದಾಗ ಬಡ ತಂಡಗಳಿಗೆ ಇಡೀ ಆಗಸ್ಟ್ ತಿಂಗಳು ಸತ್ತುಹೋಗುತ್ತಿತ್ತು. ಅಗಲವಾದಂತೆ ಅವರ ಆಗಸ್ಟ್‌ಗೆ ಜೀವ ಬಂತು, ಬಲಿಷ್ಠ ತಂಡಗಳ ಸೆಪ್ಟೆಂಬರ್ ಸಪ್ಪೆಯಾಯಿತು. ಒಬ್ಬರ ದಿನ ತೆಗೆದು ಇನ್ನೊಬ್ಬರಿಗೆ ಕೊಡುವ ಕೆಲಸ ಇದು. ಅದನ್ನು ಪರಂಪರೆ ಎಂದೂ ಕರೆಯಬಹುದು, ಸುಧಾರಣೆ ಎಂದೂ ಕರೆಯಬಹುದು. ನಿಮ್ಮ ತಂಡ ಯಾವುದು ಎಂಬುದರ ಮೇಲೆ ಹೋಗುತ್ತದೆ.

ಆದರೂ ಎಲ್ಲ ಒಂದೇ ಎಂದು ಕೈ ತೊಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಒಂದು ಗಡಿ ಇದೆ. ಅರ್ಧಕ್ಕರ್ಧ ತಂಡಗಳು ಮುಂದೆ ಹೋಗುವಂತಾದರೆ, ಆರು ತಿಂಗಳ ಆಟ ಒಂದು ತಿಂಗಳ ಆಟಕ್ಕೆ ಬರೀ ಪೀಠಿಕೆಯಾಗುತ್ತದೆ. ಕೋವಿಡ್ ವರ್ಷದಲ್ಲಿ, 60 ಪಂದ್ಯಗಳ ಸೀಸನ್ನಿಗೆ 16 ತಂಡಗಳ ಪ್ಲೇಆಫ್ ಇಟ್ಟದ್ದು ಅನಿವಾರ್ಯ ಕಾಲದ ಏರ್ಪಾಡು. ಅದೇ ಮಾದರಿಯಾಗಬಾರದು. ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ತಂಡಗಳನ್ನು 32ಕ್ಕೆ ಏರಿಸುವ ಮಾತೂ ಇದೆ. ಮತ್ತೆ ಅದೇ ಮೇಜಿನ ಸುತ್ತ ಅದೇ ಜಗಳ ನಡೆಯುತ್ತದೆ. ಹೊಸ ಪದ್ಧತಿಯಿಂದ ಎಷ್ಟು ಹೆಚ್ಚು ಪಂದ್ಯ ಟಿವಿಗೆ ಸಿಗುತ್ತದೆ ಎಂದು ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಜೂನ್ ತಿಂಗಳ ಯಾವುದೋ ಮಂಗಳವಾರದ ಪಂದ್ಯಕ್ಕೆ ಏನು ಬೆಲೆ ಉಳಿಯುತ್ತದೆ ಎಂದೂ ಒಬ್ಬರು ಕೇಳಲಿ.

ಈ ಮಂಗಳವಾರದ ಮೇಲೆ ನನಗೆ ಯಾಕೆ ಇಷ್ಟು ಅಕ್ಕರೆ ಎಂದು ಓದುಗರಿಗೆ ಅನ್ನಿಸಬಹುದು. ವರ್ಷವಿಡೀ ಓದಿದ್ದನ್ನು ಮೂರು ಗಂಟೆಯ ಪರೀಕ್ಷೆಯಲ್ಲಿ ಬರೆದವರಿಗೆ, ಐದು ವರ್ಷ ಕಡತ ತಿರುವಿದ್ದನ್ನು ಒಂದು ಗಂಟೆಯ ವೈವಾದಲ್ಲಿ ಸಮರ್ಥಿಸಬೇಕಾದವರಿಗೆ ಅದು ಗೊತ್ತಿರುತ್ತದೆ. ಆ ಒಂದು ಗಂಟೆ ಬೇಡ ಎಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಐದು ವರ್ಷ ಮುಗಿಯುವುದೇ ಇಲ್ಲ. ಆದರೆ ಲೈಬ್ರರಿಯಲ್ಲಿ ಕೂತ ದಿನಗಳು ಲೆಕ್ಕಕ್ಕೆ ಬರಬೇಕು.

ಗೆಳತಿಯ ಪ್ರಶ್ನೆಗೆ ನನ್ನ ಉತ್ತರ ಕೊನೆಗೂ ನೇರವಾಗಿಲ್ಲ. 103 ಗೆದ್ದವರನ್ನು ಮನೆಗೆ ಕಳಿಸಿದ್ದು ನ್ಯಾಯವಲ್ಲ. ಆದರೆ ಆ ಅನ್ಯಾಯ ಸಾಧ್ಯವಿದ್ದದ್ದರಿಂದಲೇ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಒಂದೊಂದು ಪಂದ್ಯಕ್ಕೂ ತೂಕವಿತ್ತು. ಆ ಬೇಸಿಗೆಯಲ್ಲಿ ಎಲ್ಲೋ ಒಂದು ದಿನ ಕೈತಪ್ಪಿದ ಒಂದು ಗೆಲುವು ಜೈಂಟ್ಸ್ ಬಳಿ ಇದ್ದಿದ್ದರೆ, ಆ ಭಾನುವಾರದ ಸೋಲಿನ ನಂತರವೂ ಅವರು ಅಟ್ಲಾಂಟಾಕ್ಕೆ ಸಮನಾಗಿ ನಿಂತಿರುತ್ತಿದ್ದರು.